ಹಲಗೂರು ಸೀಮೆಯ ಕುಲುಮೆಯೂ ರೇಷ್ಮೆಯೂ

ಬೆಂಗಳೂರಿನಿಂದ ಕನಕಪುರದ ಮಾರ್ಗವಾಗಿ ಮಳವಳ್ಳಿಗೂ ಕೊಳ್ಳೇಗಾಲಕ್ಕೂ ಹೋಗುವ ಹೆದ್ದಾರಿಯಲ್ಲಿ, ಮಳವಳ್ಳಿ ತಾಲ್ಲೂಕಿಗೆ ಸೇರಿದ ಹಲಗೂರು ಎಂಬ ಹೋಬಳಿಯ ಊರಿರುವುದು. ಯಾತ್ರಿಕರಲ್ಲಿ ಅನೇಕರು ಇದನ್ನು ಮುತ್ತತ್ತಿಗೆ ತಿರುಗುವ ದಾರಿಯೆಂದು ಮಾತ್ರ ಬಲ್ಲರು. ಆದರೆ ಈ ಸೀಮೆಯ ಚರಿತ್ರೆಯಲ್ಲಿ ವಿಚಾರಾರ್ಹವಾದ ವಿಷಯವೊಂದಿದೆ. ಪರದೇಶದ ಅಗ್ಗದ ಸರಕು ಬಂದಾಗ ಊರಿನ ಕೈಕಸುಬುಗಾರನ ಗತಿಯೇನು, ಅವನ ವಿಷಯದಲ್ಲಿ ಸರ್ಕಾರದ ಹೊಣೆಯೇನು ಎಂಬ ಪ್ರಶ್ನೆಯು ಈ ನೆಲದಲ್ಲಿ ಎರಡು ಸಲ ಎದ್ದಿತು: ಮೊದಲು ಕಬ್ಬಿಣದ ಕುಲುಮೆಯ ಮುಂದೆ, ಅನಂತರ ರೇಷ್ಮೆಯ ಚರಕದ ಮುಂದೆ.

ಮೈಸೂರು ಸೀಮೆಯ ಕಬ್ಬಿಣವೂ ಉಕ್ಕೂ ಒಂದು ಕಾಲಕ್ಕೆ ದೂರದೂರ ಹೆಸರಾಗಿದ್ದುವು. ರೈಸ್ ಸಾಹೇಬರು ತಮ್ಮ ಗ್ಯಾಸೆಟಿಯರಿನಲ್ಲಿ ಕಬ್ಬಿಣವನ್ನು ಕರಗಿಸಿ ಉಕ್ಕು ಮಾಡುತ್ತಿದ್ದ ತಾಲ್ಲೂಕುಗಳನ್ನು ಹೇಳುವಾಗ ಮಳವಳ್ಳಿಯನ್ನೂ ಹೆಸರಿಸಿರುವರು. 1800ನೆಯ ಇಸವಿಯಲ್ಲಿ ಈ ದೇಶವನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನರು ಮಾಗಡಿ, ಮಧುಗಿರಿ ಮೊದಲಾದ ಸೀಮೆಗಳಲ್ಲಿ ಈ ಕೆಲಸವನ್ನು ಕಣ್ಣಾರೆ ಕಂಡು ವಿವರಿಸಿದ್ದಾರೆ. ಮಳೆಗಾಲದಲ್ಲಿ ಹಳ್ಳಗಳು ಕೊಚ್ಚಿ ತರುವ ಕರಿಯ ಮರಳನ್ನು ತೊಳೆದು, ಇದ್ದಲಿನೊಡನೆ ಮಣ್ಣಿನ ಕುಲುಮೆಗೆ ಸುರಿದು, ತೊಗಲಿನ ತಿದಿಗಳನ್ನು ಒತ್ತಿ ಕಬ್ಬಿಣವನ್ನು ಇಳಿಸುವರು. ಆ ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿಗಳೊಡನೆಯೂ ಹಸಿಯ ಎಲೆಗಳೊಡನೆಯೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸಿದರೆ ಉಕ್ಕಾಗುವುದು. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಗೆ ಭರತಖಂಡದಲ್ಲೆಲ್ಲ ಬೇಡಿಕೆಯಿದ್ದಿತು.

ಈ ಕಸುಬು ಒಂದೇ ದಿನದಲ್ಲಿ ನಿಂತುಹೋದುದಲ್ಲ. ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನಿಂದ ದೊಡ್ಡ ದೊಡ್ಡ ಕುಲುಮೆಗಳಲ್ಲಿ ತಯಾರಾದ ಕಬ್ಬಿಣವು ಹಡಗಿನಲ್ಲಿ ರೇವಿಗೆ ಬಂದು, 1880ರ ದಶಕದ ಹೊತ್ತಿಗೆ ರೈಲಿನ ಮೂಲಕ ಮೈಸೂರಿನವರೆಗೂ ಸುಲಭವಾಗಿ ಹರಿಯತೊಡಗಿತು. ಇತ್ತ ಕಾಡುಗಳಿಗೆ ಸರ್ಕಾರದ ಕಟ್ಟು ಬಿಗಿಯಾದಂತೆಲ್ಲ ಇದ್ದಲು ದುರ್ಲಭವಾಯಿತು. ಭಾರತ ಸರ್ಕಾರವು 1882ರಲ್ಲಿ ಆಮದು ಸುಂಕಗಳನ್ನು ಬಹುಮಟ್ಟಿಗೆ ತೆಗೆದೇ ಹಾಕಿತು. ಮೈಸೂರು ಸಂಸ್ಥಾನವು 1881ರಲ್ಲಿ ಒಡೆಯರ ಕೈಗೆ ಮರಳಿ ಬಂದಿದ್ದರೂ, ಸಮುದ್ರದ ರೇವುಗಳ ಸುಂಕದ ಮೇಲೆ ಅದಕ್ಕೆ ಯಾವ ಅಧಿಕಾರವೂ ಇರಲಿಲ್ಲ. ಕುಲುಮೆಯವನ ಪರವಾಗಿ ಸುಂಕವೂ ಇಲ್ಲ, ಅವನಿಗೆ ಬೇರೊಂದು ಕಸುಬನ್ನು ಕಲಿಸುವ ಏರ್ಪಾಡೂ ಇಲ್ಲ. ಕುಲುಮೆಗಳು ಆರಿದುವು, ತಿದಿಯೊತ್ತುತ್ತಿದ್ದ ಕೈಗಳಿಗೆ ಕೂಲಿಯೇ ಗತಿಯಾಯಿತು. ಮನೆತನಗಳ ಅನುಭವದಲ್ಲಿ ಬೆಳೆದುಬಂದಿದ್ದ ಒಂದು ವಿದ್ಯೆಯು ಹೀಗೆ ಸದ್ದಿಲ್ಲದೆ ಅಳಿಯಿತು.

ರೇಷ್ಮೆಯ ಕಥೆ ಇದಕ್ಕಿಂತ ಭಿನ್ನವಾದುದು. 1780ರ ದಶಕದಲ್ಲಿ ಟೀಪುಸುಲ್ತಾನನು ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಿ ಈ ಕಸುಬನ್ನು ನಾಡಿನಲ್ಲಿ ಹರಡಿಸಿದನು. ಕಾಲಕ್ರಮದಲ್ಲಿ ಮಳವಳ್ಳಿ, ಕನಕಪುರ, ಚನ್ನಪಟ್ಟಣಗಳ ಕಡೆ ಹಿಪ್ಪುನೇರಳೆಯ ತೋಟಗಳೆದ್ದುವು. ಹುಳುವಿಗೆ ಸೊಪ್ಪು ಹಾಕುವುದು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು, ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಚರಕದಲ್ಲಿ ನೂಲು ಬಿಚ್ಚುವುದು ಇವೆಲ್ಲ ಮನೆಮಂದಿಯ ಕೆಲಸಗಳಾದುವು. ಸಂಸ್ಥಾನದ ಸರ್ಕಾರದವರು 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆಯನ್ನೂ 1914ರಲ್ಲಿ ರೇಷ್ಮೆಯ ಇಲಾಖೆಯನ್ನೂ ಸ್ಥಾಪಿಸಿದರು.

ಇಷ್ಟರಲ್ಲಿ 1929ರ ತರುವಾಯ ಜಗತ್ತಿಗೆಲ್ಲ ಕವಿದ ಆರ್ಥಿಕ ಮುಗ್ಗಟ್ಟು ಬಂದಿತು. 1931ರ ಡಿಸೆಂಬರಿನಲ್ಲಿ ಜಪಾನು ತನ್ನ ನಾಣ್ಯವನ್ನು ಚಿನ್ನದ ಪ್ರಮಾಣದಿಂದ ಬಿಡಿಸಿತು. ಯೆನ್ನಿನ ಬೆಲೆ ಇಳಿದು ಅಲ್ಲಿಯ ಸರಕೆಲ್ಲ ಹೊರದೇಶಗಳಲ್ಲಿ ಮತ್ತಷ್ಟು ಅಗ್ಗವಾಯಿತು. ಚೀನಾ ಜಪಾನುಗಳ ನೂಲಿನ ಮುಂದೆ ಮೈಸೂರಿನ ಚರಕದ ನೂಲು ನಿಲ್ಲಲಾರದೆ ಹೋಯಿತು. ಆದರೆ ಈ ಸಲ ಸರ್ಕಾರವು ಸುಮ್ಮನೆ ಕೂರಲಿಲ್ಲ. ಸುಂಕವು ಭಾರತ ಸರ್ಕಾರದ ಕೈಯಲ್ಲಿದ್ದುದರಿಂದ ಮೈಸೂರು ತನ್ನ ಅಹವಾಲನ್ನು ಸುಂಕದ ಮಂಡಲಿಯ ಮುಂದೆ ಇಟ್ಟಿತು. ಮಂಡಲಿಯ ವಿಚಾರಣೆಯ ಮೇಲೆ 1934ರಲ್ಲಿ ರೇಷ್ಮೆಗೆ ಸಂರಕ್ಷಣಾ ಸುಂಕವು ದೊರೆಯಿತು. ಅದೇ ದಶಕದಲ್ಲಿ ತಿರುಮಕೂಡಲು ನರಸೀಪುರದಲ್ಲಿ ಯಂತ್ರದಿಂದ ನೂಲು ಬಿಚ್ಚುವ ಕಾರ್ಖಾನೆಯೂ, ಚನ್ನಪಟ್ಟಣದಲ್ಲಿ ಬಿಚ್ಚಣಿಕೆಯ ಉಳಿಕೆಯಿಂದ ನೂಲು ತೆಗೆಯುವ ಗಿರಣಿಯೂ ಏರ್ಪಟ್ಟುವು. ಸ್ವಾತಂತ್ರ್ಯಾನಂತರ 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯೂ, 1979ರಲ್ಲಿ ಬೆಲೆ ಕುಸಿದಾಗ ನೂಲನ್ನು ಕೊಂಡು ಹಿಡಿಯುವುದಕ್ಕಾಗಿ ಕರ್ನಾಟಕದ ರೇಷ್ಮೆ ಮಾರಾಟ ಮಂಡಳಿಯೂ ಹುಟ್ಟಿದುವು. ಕುಲುಮೆಗೆ ದೊರೆಯದ ಆಸರೆ ಚರಕಕ್ಕೆ ದೊರೆಯಿತೆಂಬುದು ನಿರ್ವಿವಾದ.

ಹಾಗಾದರೆ ಈ ಆಸರೆಯು ನಿಂತದ್ದು ಯಾರ ಬೆನ್ನಿಗೆ ಎಂದು ಕೇಳಬೇಕಾಗುತ್ತದೆ. ಸುಂಕವು ಕಾಯುವುದು ನೂಲಿನ ಬೆಲೆಯನ್ನು, ನೂಲು ಬಿಚ್ಚುವವಳನ್ನಲ್ಲ. ಸುಂಕ ಏರಿದರೆ ಗೂಡು ಬೆಳೆಯುವ ರೈತನಿಗೆ ನೆಮ್ಮದಿ. ಆದರೆ ನೂಲನ್ನು ಕೊಳ್ಳುವ ಕೊಳ್ಳೇಗಾಲದ ಮತ್ತು ದೊಡ್ಡಬಳ್ಳಾಪುರದ ನೇಕಾರನಿಗೆ ಅದೇ ಹೊರೆ. ಸುಂಕ ಇಳಿದರೆ ನೇಕಾರನಿಗೆ ಸಂತೋಷ, ರೈತನಿಗೆ ಕಣ್ಣೀರು. 2011ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವು ಶೇಕಡ 30ರಿಂದ 5ಕ್ಕೆ ಇಳಿದಾಗ ಗೂಡಿನ ಬೆಲೆ ಬಿದ್ದು ರೈತರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇಕಡ 15ಕ್ಕೆ ಏರಿಸಲಾಯಿತು; ಮುಂದೆ 10ಕ್ಕೆ ಇಳಿದದ್ದು 2021ರಲ್ಲಿ ಮತ್ತೆ 15ಕ್ಕೆ ಬಂದಿತು. ತಕ್ಕಡಿಯ ತಟ್ಟೆಗಳಂತೆ ಒಬ್ಬ ದುಡಿಮೆಗಾರನು ಮೇಲೇಳುವಾಗ ಮತ್ತೊಬ್ಬನು ಕೆಳಗಿಳಿಯುವನು. ಸುಂಕವು ಸಂಕಟವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸಬಲ್ಲುದಲ್ಲದೆ ಅದನ್ನು ಪೂರ್ಣವಾಗಿ ಕಳೆಯಲಾರದು.

ಆದಕಾರಣ ಸರಕನ್ನು ಬಿಟ್ಟು ಮನುಷ್ಯನಿಗೇ ನೆರವಾಗುವ ಮಾರ್ಗವನ್ನು ಕೆಲವು ದೇಶಗಳು ಅರಸಿದುವು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಅಧ್ಯಕ್ಷ ಕೆನೆಡಿಯವರ ಕಾಲದ 1962ರ ವ್ಯಾಪಾರದ ಶಾಸನವು, ಆಮದಿನಿಂದ ಕೆಲಸ ಕಳೆದುಕೊಂಡ ಕಾರ್ಮಿಕನಿಗೆ ಜೀವನಭತ್ಯವನ್ನೂ ಹೊಸ ಕಸುಬಿನ ಶಿಕ್ಷಣವನ್ನೂ ಕೊಡಬೇಕೆಂದು ವಿಧಿಸಿತು. ನಷ್ಟಕ್ಕೆ ಆಮದೇ ಕಾರಣವೆಂಬುದನ್ನು ರುಜುಪಡಿಸುವ ನಿಯಮ ಬಲು ಕಠಿಣವಾಗಿದ್ದುದರಿಂದ 1969ರ ವರೆಗೆ ಒಂದು ಅರ್ಜಿಯೂ ಪುರಸ್ಕೃತವಾಗಲಿಲ್ಲ. 1974ರಲ್ಲಿ ನಿಯಮವನ್ನು ಸಡಿಲಿಸಿದ ಮೇಲೆಯೇ ನೆರವು ಹರಿಯಿತು. 2022ರ ಜುಲೈಯಲ್ಲಿ ಆ ಏರ್ಪಾಡಿನ ಅವಧಿ ಮುಗಿದು ಹೊಸ ಅರ್ಜಿಗಳ ಪರಿಶೀಲನೆ ನಿಂತಿತು.

ಭಾರತದಲ್ಲಿಯೂ ಇಂಥ ಯತ್ನಗಳು ನಡೆಯದಿರಲಿಲ್ಲ. 1953ರ ತಿದ್ದುಪಡಿಯು, ಕೆಲಸದಿಂದ ತೆಗೆಯಲ್ಪಟ್ಟವನಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನವನ್ನು ಮಾಲೀಕನು ಕೊಡಬೇಕೆಂದು ಗೊತ್ತುಮಾಡಿತು. 1986ರಲ್ಲಿ, ಮುಚ್ಚಿದ ಬಟ್ಟೆಯ ಗಿರಣಿಗಳ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರವು ಒಂದು ಪುನರ್ವಸತಿ ನಿಧಿಯನ್ನು ತೆರೆಯಿತು. ಅದರಂತೆ ಮೊದಲನೆಯ ವರ್ಷ ವೇತನದ ಶೇಕಡ 75, ಎರಡನೆಯ ವರ್ಷ 50, ಮೂರನೆಯ ವರ್ಷ 25ರಷ್ಟು ದೊರೆಯುತ್ತಿದ್ದಿತು. 1992ರಲ್ಲಿ ಕೈಗಾರಿಕೆಗಳ ಮಾರ್ಪಾಟಿನಿಂದ ನೌಕರಿ ಹೋದವರಿಗಾಗಿ ರಾಷ್ಟ್ರೀಯ ನವೀಕರಣ ನಿಧಿಯೂ ಸ್ಥಾಪಿತವಾಯಿತು.

ಈ ಎಲ್ಲ ನೆರವಿನ ಬಾಗಿಲಲ್ಲಿ ಒಂದೇ ಬೀಗ. ಅರ್ಜಿದಾರನ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿರಬೇಕು; ಅವನಿಗೊಬ್ಬ ಮಾಲೀಕನಿರಬೇಕು; ಅವನು ಇಂಥ ದಿನದಿಂದ ಇಂಥ ದಿನದವರೆಗೆ ದುಡಿದನೆಂಬುದಕ್ಕೆ ಕಾಗದವಿರಬೇಕು. ಗಿರಣಿಯ ಕಾರ್ಮಿಕನಿಗೆ ಇದು ಸಾಧ್ಯ. ಆದರೆ ಹಿತ್ತಿಲ ಚಪ್ಪರದ ಕೆಳಗೆ, ಕುದಿಯುವ ನೀರಿನ ಬೋಗುಣಿಯ ಮುಂದೆ ನಿಂತು, ಬೆರಳು ಸುಟ್ಟುಕೊಂಡು ಎಳೆಯ ತುದಿಯನ್ನು ಹಿಡಿಯುವ ಹೆಂಗಸಿನ ಹೆಸರು ಯಾವ ಪುಸ್ತಕದಲ್ಲಿದ್ದೀತು? ನೂಲಿನ ಬೆಲೆ ಕುಸಿದ ವಾರ ಚರಕ ನಿಲ್ಲುವುದು, ಕೂಲಿಯೂ ನಿಲ್ಲುವುದು. ಅವಳನ್ನು ಕೆಲಸದಿಂದ ತೆಗೆದವರು ಯಾರೂ ಇಲ್ಲ. ಆದುದರಿಂದ ಕಾನೂನಿನ ಕಣ್ಣಿಗೆ ಅವಳು ಕೆಲಸ ಕಳೆದುಕೊಂಡವಳೂ ಅಲ್ಲ.

ನೂರು ವರ್ಷಗಳಿಗೂ ಹಿಂದೆ ತಿದಿಯನ್ನು ಕೆಳಗಿಟ್ಟ ಕುಲುಮೆಯವನ ಸ್ಥಿತಿಯೂ ಇದೇ ಆಗಿದ್ದಿತು. ಅವನ ಕಬ್ಬಿಣವು ಗ್ಯಾಸೆಟಿಯರಿನಲ್ಲಿ ದಾಖಲಾಯಿತು, ಅವನು ದಾಖಲಾಗಲಿಲ್ಲ. ಅಂದಿನಿಂದ ಸರ್ಕಾರಗಳು ಬಹುದೂರ ನಡೆದು ಬಂದಿರುವುದು ನಿಜ: ಸುಂಕವನ್ನು ಕಲಿತುವು, ಮಂಡಳಿಗಳನ್ನು ಕಟ್ಟಿದುವು, ದ್ವಿತಳಿ ಗೂಡಿಗೆ ಪ್ರೋತ್ಸಾಹಧನವನ್ನೂ ಕೊಟ್ಟುವು. ಆದರೂ ಗೂಡನ್ನು ತೂಗುವ ತಕ್ಕಡಿಗೆ ಕಾಣುವುದು ಗೂಡಿನ ಭಾರವೊಂದೇ. ಮೊದಲು ದುಡಿಯುವವರ ಹೆಸರನ್ನು ಬರೆದುಕೊಂಡು, ಆಮೇಲೆ ಸರಕಿನ ಬೆಲೆಯನ್ನು ಬರೆಯುವ ಕ್ರಮವು ಬಂದಲ್ಲದೆ, ಕುಲುಮೆ ಆರಿದ ಈ ಸೀಮೆಯಲ್ಲಿ ಚರಕದ ಪಾಡೇನಾದೀತೆಂಬ ಭಯವು ಪೂರ್ಣವಾಗಿ ನೀಗದು.