ಆಕಾಶ ನಕಾಶೆಯ ತಲೆಬರಹ

ಶಾಸನಾಭ್ಯಾಸದಲ್ಲಿ ಆಸಕ್ತಿಯುಳ್ಳ ಶಿಕ್ಷಕ ಬಂಧುಗಳಿಗೆ ಶಕವರ್ಷದ ಮಹತ್ವವನ್ನು ನಾವು ಹೇಳಬೇಕಾಗಿಲ್ಲ. ಕಲ್ಲಿನ ಮೇಲೆ ಬರಿಯ ‘ಪ್ರಭವ ಸಂವತ್ಸರ’ ಎಂದಿದ್ದರೆ ಕಾಲ ತಿಳಿಯದು. 1927ರಲ್ಲಿ ಬಂದುದೂ ಪ್ರಭವವೇ, 1987ರಲ್ಲಿ ಬಂದುದೂ ಪ್ರಭವವೇ. ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರೊ. ಕುಂದಣಗಾರರು 1939ರಲ್ಲಿ ಉತ್ತರ ಕರ್ನಾಟಕ ಹಾಗೂ ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಗ್ರಂಥರೂಪದಲ್ಲಿ ಹೊರತಂದ ಮೇಲೆ ನಮ್ಮ ಬೇಡಗದಂಥ ಊರಲ್ಲಿ ಕುಳಿತವರಿಗೂ ಅವು ಓದಲು ಸಿಕ್ಕವು. ಶಾಸನ ಸಂಪುಟಗಳಲ್ಲಿ ಪಾಠದೊಡನೆ ಸ್ಥಳ, ಕಾಲ, ಅರಸು, ವಿಷಯಗಳ ಸಾರಾಂಶ ಕೊಡುವುದು ರೂಢಿ. ಆ ನಾಲ್ಕು ಸಾಲಿಲ್ಲದಿದ್ದರೆ ಹುಡುಕುವವನ ಪಾಡೇನು! ಆಕಾಶದ ನಕಾಶೆ ತಯಾರಿಸುವವರಿಗೂ ಇದೇ ಅಡಚಣೆ ಬಂದಿತು.

ಅಂಥ ನಕಾಶೆಯೊಂದು ಕನ್ನಡ ನೆಲದಲ್ಲಿಯೇ ಸಿದ್ಧವಾಯಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅಂದು ಕೋಲಾರ ಜಿಲ್ಲೆಗೆ, ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಗೌರಿಬಿದನೂರಿನ ಬಳಿ ರಾಮನ್ ಸಂಶೋಧನ ಸಂಸ್ಥೆ ಹಾಗೂ ಭಾರತೀಯ ಖಭೌತ ಸಂಸ್ಥೆಗಳು ಕೂಡಿ 1976ರ ಸುಮಾರಿಗೆ ಒಂದು ರೇಡಿಯೋ ದೂರದರ್ಶಕವನ್ನು ನಿಲ್ಲಿಸಿದವು. ದರ್ಪಣವಿಲ್ಲ, ಗುಮ್ಮಟವಿಲ್ಲ, ಬಯಲಿನಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಹರಡಿದ ಸಾವಿರ ತಂತಿ ಆಂಟೆನಾಗಳು, ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರು. ಆಕಾಶವೇ ಮೇಲೆ ತಿರುಗುತ್ತ ಹೋಗುವುದು, ಯಂತ್ರ ಮಧ್ಯಾಹ್ನರೇಖೆಯ ಮೇಲೆ ಬಂದುದನ್ನು ಗ್ರಹಿಸುವುದು. 34.5 ಮೆಗಾಹರ್ಟ್ಸ್ ಅಲೆಗಳಲ್ಲಿ ಹೀಗೆ ಪಡೆದ ಆಕಾಶದ ನಕಾಶೆಯನ್ನು ದ್ವಾರಕಾನಾಥ ಹಾಗೂ ಉದಯಶಂಕರರು 1990ರಲ್ಲಿ ಪ್ರಕಟಿಸಿದರು.

ಇಂಥ ಅಂಕಿಗಳು ಆ ಕಾಲದಲ್ಲಿ ಕಾಂತಪಟ್ಟಿಗಳ ಮೇಲೆ ಇರುತ್ತಿದ್ದವು. ಒಂದು ವೇಧಶಾಲೆಯ ಪಟ್ಟಿಯ ಕ್ರಮ ಇನ್ನೊಂದಕ್ಕೆ ತಿಳಿಯದು. ಮೋಡಿ ಬಲ್ಲವರಿಲ್ಲದ ಮನೆಯಲ್ಲಿ ಮೋಡಿ ದಫ್ತರ ಇದ್ದಂತೆ. ಆದುದರಿಂದ 1979ರಲ್ಲಿ ಅಮೆರಿಕ ಹಾಗೂ ನೆದರ್‌ಲ್ಯಾಂಡ್ಸಿನ ಖಗೋಳಜ್ಞರು ‘ಫಿಟ್ಸ್’ ಎಂಬ ಸಮಾನ ಕ್ರಮವನ್ನು ಒಪ್ಪಿಕೊಂಡರು. ವೆಲ್ಸ್, ಗ್ರೈಸನ್, ಹಾರ್ಟನ್ ಎಂಬವರು 1981ರಲ್ಲಿ ಅದನ್ನು ಪ್ರಕಟಿಸಲು, ಮರುವರ್ಷವೇ ಅಂತಾರಾಷ್ಟ್ರೀಯ ಖಗೋಳ ಸಂಘದ ಸಮ್ಮತಿ ದೊರೆಯಿತು. ಇದರಲ್ಲಿ ಮೊದಲು ತಲೆಬರಹ, ಆ ಮೇಲೆ ಅಂಕಿಗಳು. ತಲೆಬರಹದ ಒಂದೊಂದು ಸಾಲಿಗೂ 80 ಅಕ್ಷರ. ಹಳೆಯ ರಂಧ್ರಪತ್ರದ ಅಳತೆಯೇ ಅದು. ಯಾವ ವಸ್ತು, ಯಾವ ದೂರದರ್ಶಕ, ಯಾವ ದಿನ ಎಂಬುದೆಲ್ಲ ಮನುಷ್ಯನೇ ಓದಬಹುದಾದ ಅಕ್ಷರಗಳಲ್ಲಿ ಇರುವುದು.

ಕಡತಗಳು ಸಾವಿರಗಟ್ಟಲೆ ಬೆಳೆದಂತೆ ಅವನ್ನು ಒಂದೊಂದಾಗಿ ತೆರೆಯುವುದು ಅಸಾಧ್ಯವಾಯಿತು. ಆಗ ಹುಟ್ಟಿದುವು ಸಾರಾಂಶದ ಉಪಕರಣಗಳು. ಐರೋಪ್ಯ ದಕ್ಷಿಣ ವೇಧಶಾಲೆಯ ‘ಡಿಫಿಟ್ಸ್’ ತಲೆಬರಹಗಳನ್ನಷ್ಟೇ ಓದಿ ಹೊರಗೆಡುವುದು. ಅದರ ಜತೆಗಾರ ‘ಫಿಟ್‌ಸಾರ್ಟ್’ ನಾವು ಕೇಳಿದ ಅಂಶಗಳನ್ನು ಆಯ್ದು ಕೋಷ್ಟಕ ಮಾಡುವುದು. ಚಿತ್ರವಿಲ್ಲ, ಗುಂಡಿಯಿಲ್ಲ, ಕೀಲಿಮಣೆಯಲ್ಲಿ ಒಂದು ಸಾಲು ಆಜ್ಞೆ ಬರೆದರಾಯಿತು, ಕಡತಕ್ಕೊಂದು ಸಾಲಿನಂತೆ ಉತ್ತರ ಬರುವುದು. ನಮ್ಮ ಶಾಲೆಯ ಹಾಜರಿ ಪಟದ ಗೋಷ್ವಾರೆಯಂತೆಯೇ ಸರಿ.

ಆದರೆ ತಲೆಬರಹದಲ್ಲಿ ಇದ್ದುದನ್ನೇ ಅವು ಹೇಳಬಲ್ಲವು. ಮೊದಲಿನ ಕ್ರಮದಲ್ಲಿ ವರ್ಷಕ್ಕೆ ಎರಡೇ ಅಂಕಿ ಇದ್ದವು. ಅಂದರೆ ನೂರು ವರ್ಷದ ಸಂವತ್ಸರಚಕ್ರ! 1997ರಲ್ಲಿ ನಾಲ್ಕು ಅಂಕಿಗಳ ನಿಯಮ ಬಂದಿತು. ಅದಕ್ಕಿಂತ ಸೂಕ್ಷ್ಮವಾದುದು ಅಯನಚಲನೆ. ನಕ್ಷತ್ರಗಳ ಸ್ಥಾನವನ್ನು 1950ರ ವಿಷುವದ್ಬಿಂದುವಿನಿಂದ ಎಣಿಸಿದುದೋ 2000ದಿಂದಲೋ ಎಂಬುದು ತಲೆಬರಹದಲ್ಲಿ ಇರಬೇಕು. ವರ್ಷಕ್ಕೆ ಸುಮಾರು 50 ವಿಕಲೆಯಂತೆ ಐವತ್ತು ವರ್ಷಕ್ಕೆ ಈ ಬಿಂದು ಸುಮಾರು 42 ಕಲೆ ಸರಿಯುವುದು. ಗೌರಿಬಿದನೂರಿನ ಯಂತ್ರ ಬೇರ್ಪಡಿಸಿ ಕಾಣಬಲ್ಲ ಅತಿ ಸಣ್ಣ ಭಾಗ ಒಂದು ದಿಶೆಯಲ್ಲಿ 26 ಕಲೆ, ಇನ್ನೊಂದರಲ್ಲಿ 42 ಕಲೆ. ಅಂದ ಮೇಲೆ ಆ ಒಂದು ಸಾಲು ಬಿಟ್ಟುಹೋದರೆ ನಕ್ಷತ್ರವನ್ನು ಪಕ್ಕದ ಮನೆಯಲ್ಲಿ ಹುಡುಕಿದಂತಾಗುವುದು. ಫಿಟ್‌ಸಾರ್ಟ್ ಊಹೆ ಮಾಡುವುದಿಲ್ಲ, ಆ ಅಂಕಣವನ್ನು ಖಾಲಿ ಬಿಡುವುದು. ಪಂಡಿತರು ಸವೆದ ಅಕ್ಷರಗಳ ಜಾಗದಲ್ಲಿ ಚುಕ್ಕೆಗಳನ್ನಿಡುವಂತೆ. ಆಗ ವೀಕ್ಷಣೆ ಮಾಡಿದವರ ದಿನಚರಿ ವಹಿಯನ್ನೇ ಹುಡುಕಬೇಕು.