ನೆಲದ ಸನ್ಯಾಸಿ ಏಡಿಯನ್ನು ಗುರುತಿಸುವುದು ಹೇಗೆ?

ದಾವಣಗೆರೆ ಸಮೀಪದ ಹದಡಿಯ ಸುತ್ತಲಿನ ಗದ್ದೆಬದುಗಳಲ್ಲಿ ಬಿಲ ತೋಡುವ ಏಡಿ ರೈತರಿಗೆ ಚಿರಪರಿಚಿತ. ಪ್ರವಾಸಿಗರು ಕಡಲತೀರದಿಂದ ತರುವ, ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಮಾರಾಟವಾಗುವ, ಶಂಖ ಹೊತ್ತ ಸನ್ಯಾಸಿ ಏಡಿ ಮಾತ್ರ ಬೇರೆಯದೇ ಗುಂಪಿನ ಜೀವಿ. ಇವುಗಳ ವ್ಯತ್ಯಾಸವನ್ನು ತಪ್ಪಾಗಿ ತಿಳಿದರೆ ಪ್ರಾಣಿಯ ಜೀವಕ್ಕೇ ಕುತ್ತು.

ಗದ್ದೆಯ ಏಡಿಗೆ ಅಗಲವಾದ ಗಟ್ಟಿ ಬೆನ್ನುಚಿಪ್ಪು ಇರುತ್ತದೆ. ಹೊಟ್ಟೆಯ ಭಾಗ ಅಡಿಗೆ ಮಡಚಿಕೊಂಡಿರುತ್ತದೆ. ಅದರ ಮೊಟ್ಟೆಗಳಿಂದ ನೇರವಾಗಿ ಮರಿಗಳೇ ಹೊರಬರುವುದರಿಂದ ಅದಕ್ಕೆ ಸಮುದ್ರದ ಹಂಗಿಲ್ಲ. ಸನ್ಯಾಸಿ ಏಡಿಯ ಹೊಟ್ಟೆ ಮೃದು. ಅದರ ರಕ್ಷಣೆಗಾಗಿ ಖಾಲಿ ಶಂಖವೊಂದರೊಳಗೆ ಸೇರಿಕೊಂಡು, ಬೆಳೆದಂತೆಲ್ಲ ಶಂಖವನ್ನು ಬದಲಿಸುತ್ತದೆ.

ನೆಲದ ಸನ್ಯಾಸಿ ಏಡಿಗಳದು ಸೀನೋಬಿಟ ಕುಲ. 1829ರಲ್ಲಿ ಈ ಹೆಸರಿಟ್ಟವರು ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಲಾತ್ರೇಯ್. ಇವುಗಳ ಎಡ ಚಿಮಟಗಾಲು ಬಲಗಡೆಯದಕ್ಕಿಂತ ದೊಡ್ಡದು. ಒಳಸರಿದಾಗ ಶಂಖದ ಬಾಯಿಗೆ ಅದೇ ಬಾಗಿಲು. ಕಾರವಾರ, ಮಲ್ಪೆಯಂತಹ ಕಡಲಂಚಿನಲ್ಲಿ ಬಂಡೆಗಳ ನಡುವಿನ ನೀರಿನಲ್ಲಿ ಕಾಣುವ ಚಿಕ್ಕ ಸನ್ಯಾಸಿ ಏಡಿಗಳು ಸಾಮಾನ್ಯವಾಗಿ ಸಮುದ್ರವಾಸಿಗಳು. ಅವು ಉಪ್ಪುನೀರಿನಿಂದ ದೂರವಾದರೆ ಬಹುಕಾಲ ಬದುಕಲಾರವು.

ಪ್ರಭೇದ ನಿರ್ಣಯಕ್ಕೆ ಶಂಖವಾಗಲಿ ಮೈಬಣ್ಣವೊಂದೇ ಆಗಲಿ ಆಧಾರವಲ್ಲ. ಶಂಖ ಬೇರೆ ಜೀವಿಯದು; ಬಣ್ಣ ವಯಸ್ಸಿನೊಂದಿಗೆ ಬದಲಾಗಬಹುದು. ಮೊದಲು ದೊಡ್ಡ ಚಿಮಟವನ್ನು ನೋಡಬೇಕು. ಅಂಡಮಾನ್-ನಿಕೋಬಾರ್ ತೀರಗಳಲ್ಲಿರುವ ಸೀನೋಬಿಟ ರುಗೋಸಸ್‌ನಲ್ಲಿ ಅದರ ಹೊರಮೈಯ ಮೇಲ್ಭಾಗದಲ್ಲಿ ಹೊಲಿಗೆಯಂತೆ ಓರೆಯಾದ ಏಣುಗಳ ಸಾಲಿರುತ್ತದೆ. ಸೀನೋಬಿಟ ಬ್ರೆವಿಮಾನಸ್‌ನಲ್ಲಿ ಈ ಸಾಲಿಲ್ಲ. ಚಿಮಟ ಉಬ್ಬಿದಂತಿದ್ದು, ಕಣ್ಣಿನ ತೊಟ್ಟು ದುಂಡಗಿರುತ್ತದೆ. ಬೆಳೆದ ಸೀನೋಬಿಟ ಪರ್ಲಾಟಸ್ ಕೆಂಪಾಗಿದ್ದು, ಮೈಮೇಲೆ ಮುತ್ತಿನಂತಹ ಬಿಳಿ ಗಂಟುಗಳಿರುತ್ತವೆ.

ಇವುಗಳ ಸಮೀಪ ಬಂಧುವಾದ ತೆಂಗಿನ ಏಡಿಯೂ ಎಳೆಯದಿದ್ದಾಗ ಶಂಖ ಹೊತ್ತಿರುತ್ತದೆ. ಭಾರತದಲ್ಲಿ ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಎಂದರೆ, ಗುರುತು ತಪ್ಪಿದರೆ ಕಾನೂನಿನ ತೊಡಕೂ ಎದುರಾಗಬಹುದು.

ನೆಲದ ಸನ್ಯಾಸಿ ಏಡಿ ತೇವವಿರುವ ಕಿವಿರಿನ ಕೋಣೆಗಳ ಮೂಲಕ ಗಾಳಿಯಿಂದಲೇ ಉಸಿರಾಡುತ್ತದೆ. ಬಹಳ ಹೊತ್ತು ನೀರಿನಲ್ಲಿ ಮುಳುಗಿಸಿಟ್ಟರೆ ಉಸಿರುಕಟ್ಟಿ ಸಾಯುತ್ತದೆ. ಮೈ ಒಣಗಿದರೂ ಬದುಕದು. ಇದರ ಲಾರ್ವಾಗಳು ಬೆಳೆಯುವುದು ಸಮುದ್ರದ ನೀರಿನಲ್ಲಿಯೇ. ಆದ್ದರಿಂದ ಬಯಲುಸೀಮೆಯಲ್ಲಿ ಕಂಡ ಸನ್ಯಾಸಿ ಏಡಿ ಯಾರೋ ತಂದದ್ದೇ ಹೊರತು ಇಲ್ಲಿ ಹುಟ್ಟಿದ್ದಲ್ಲ. ಮಾರಾಟಕ್ಕೆ ಬರುವವುಗಳಲ್ಲಿ ಬಹುಪಾಲು ಕಡಲತೀರದಿಂದ ಹಿಡಿದು ತಂದವು. ಕನಿಕರದಿಂದ ಅದನ್ನು ಊರಿನ ಕೆರೆಗೆ ಬಿಡುವುದು ಬಿಡುಗಡೆಯಲ್ಲ, ಸಾವಿಗೆ ದೂಡಿದಂತೆ. ತೀರದಲ್ಲಿ ಕಂಡದ್ದನ್ನು ಅಲ್ಲಿಯೇ ಬಿಡುವುದು, ಖಾಲಿ ಶಂಖಗಳನ್ನೂ ಹೆಕ್ಕಿ ತರದಿರುವುದು ಈ ಜೀವಿಗೆ ನಾವು ಮಾಡಬಹುದಾದ ಉಪಕಾರ.