ಅಜ್ಜನ ಕತ್ತಿ, ಜರ್ಮನಿಯ ತೋಳ

ಹಳಿಯಾಳ ಹತ್ತಿರದ ನಮ್ಮ ಮನೆಯಲ್ಲಿ ಒಂದು ಹಳೇ ಕತ್ತಿ ಇದೆ. ವರ್ಷಕ್ಕೊಮ್ಮೆ ಖಂಡೇನವಮಿಗೆ ಹೊರಬಂದು, ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತದೆ. ಸೋದೆ ಅರಸರು ಕೊಟ್ಟಿದ್ದು ಅಂತ ಅಜ್ಜ ಹೇಳ್ತಿದ್ರು. ಹೋದ ವರ್ಷ ಒರೆಸುವಾಗ ಅಲಗಿನ ಮೇಲೆ ನಾಯಿಯಂಥದ್ದೊಂದು ಗೀರುಚಿತ್ರ ಕಂಡಿತು. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅರ್ಧ ಅಳಿಸಿತ್ತು.

ಅದು ನಾಯಿಯಲ್ಲ, ಓಡುವ ತೋಳ. ಮೊದಲು ಜರ್ಮನಿಯ ಪಸ್ಸಾವ್ ಪಟ್ಟಣದ ಕಮ್ಮಾರರ ಗುರುತು. ಆಮೇಲೆ ಸೋಲಿಂಗನ್‌ನವರೂ ಹಾಕತೊಡಗಿದರು. ಯುರೋಪಿನ ಸೈನಿಕರಿಗಾಗಿ ಮಾಡುತ್ತಿದ್ದ ಇಂಥ ಅಲಗುಗಳು 16–17ನೇ ಶತಮಾನದಲ್ಲಿ ಹಡಗು ಹತ್ತಿ ಇಲ್ಲಿಗೂ ಬಂದವು. 1510ರಲ್ಲೇ ಪೋರ್ಚುಗೀಸರು ಗೋವಾ ಹಿಡಿದಿದ್ದರು. ನಮ್ಮ ಜೋಯಿಡಾ ದಾಟಿದರೆ ಗೋವಾನೇ. ಅಲಗು ಅಲ್ಲಿಯದು, ಹಿಡಿ ಇಲ್ಲಿಯದು. ಆ ಜೋಡಿಗೆ ಬಿದ್ದ ಹೆಸರು 'ಫಿರಂಗಿ'. ಅರಬರು, ಪರ್ಷಿಯನ್ನರು ಯುರೋಪಿನವರನ್ನು ಕರೆಯುತ್ತಿದ್ದ ಹೆಸರದು. ಕನ್ನಡದಲ್ಲಿ ಅದೇ ಮಾತು ತೋಪಿಗೂ ನಿಂತಿತು, ಪರಂಗಿ ಹಣ್ಣಿಗೂ.

ಕೇಸ್ ಕ್ಲೋಸ್ ಅಂದುಕೊಂಡೆ. ಲಾಗ್‌ನಲ್ಲಿ ಒಂದೇ ಸಾಲು ನೋಡಿ ಬಗ್ ಸಿಕ್ತು ಅನ್ನೋ ಹೊಸ ಹುಡುಗನ ಥರ.

ಆದರೆ ಹೆಸರಾದ ಗುರುತನ್ನು ನಕಲು ಮಾಡೋರು ಎಲ್ಲ ಕಾಲದಲ್ಲೂ ಇದ್ದರು, ನಮ್ಮ ಕಮ್ಮಾರರಲ್ಲೂ. 2023ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋದ ಟಿಪ್ಪುವಿನ ಕತ್ತಿಯ ಅಲಗು ಕೂಡ ಜರ್ಮನ್ ಮಾದರಿ ನೋಡಿ ಇಲ್ಲೇ ಮಾಡಿದ್ದು ಅಂತ ಹರಾಜಿನವರೇ ಹೇಳಿದ್ದರು. ಹಾಗಾಗಿ ತೋಳ ಒಂದು ಸುಳಿವು, ಸಾಕ್ಷಿಯಲ್ಲ. ನೇರವಾದ ಅಲಗು, ಒಂದೇ ಕಡೆ ಬಾಯಿ, ಉದ್ದಕ್ಕೂ ತೋಡು: ಇವು ಯುರೋಪಿನ ಕಡೆ ಕೈ ತೋರಿಸುತ್ತವೆ. ಬೆರಳು ಕಾಯುವ ಅಗಲ ಕಟ್ಟು, ಹಿಡಿಯ ತುದಿಯ ಮೊಳೆ, ಅಲಗಿಗೆ ಹೊಡೆದ ರಿವೆಟ್: ಇವೆಲ್ಲ ನಮ್ಮ ಕಡೆಯ ಖಂಡೆಯವು.

"ಹಂಗಾದ್ರ ಅಜ್ಜ ಹೇಳಿದ್ದು ಸುಳ್ಳೇನು?" ಕಾಕಾನ ಮುಖ ಸಣ್ಣದಾಯಿತು.

ಸುಳ್ಳು ಅನ್ನೋಕೆ ನನ್ನ ಹತ್ತಿರ ಆಧಾರ ಇರಲಿಲ್ಲ. ಸೋದೆಯವರಿಗೂ ಗೋವಾಕ್ಕೂ ಹಳೇ ನಂಟು. ಹೈದರಾಲಿ ಸೋದೆ ಹಿಡಿದಾಗ ಅರಸರು ಆಸರೆ ಪಡೆದದ್ದು ಗೋವಾದಲ್ಲೇ. ಜರ್ಮನಿಯ ಅಲಗು ಸೋದೆಯ ಕೈ ದಾಟಿ ನಮ್ಮ ಮನೆಗೆ ಬಂದಿರಲೂಬಹುದು.

"ಕಾಕಾ, ಹಿತ್ತಲಿನ ಪರಂಗಿ ಗಿಡಾನೂ ಅಮೆರಿಕದಿಂದ ಬಂದದ್ದು. ನಮ್ಮದಲ್ಲ ಅಂತೀವೇನು?" ಅಂದೆ.

ಈ ಖಂಡೇನವಮಿಗೆ ಕಾಕಾ ಹುಣಸೆಹಣ್ಣು ಮುಟ್ಟಲಿಲ್ಲ. ಬರೀ ಎಣ್ಣೆ ಬಟ್ಟೆಯಲ್ಲಿ ಒರೆಸಿದರು, ತೋಳ ಇದ್ದ ಕಡೆ ಇನ್ನೂ ಮೆಲ್ಲಗೆ.